ನಾಲ್ಕು ಅಕ್ಷರದ ವಿಳಾಸ

ಮೊನ್ನೆ ಈರುಳ್ಳಿ ಹೆಚ್ಚುವಾಗ ಈಳಿಗೆಮಣೆಗೆ ಬೆರಳು ತಾಗಿ ಸ್ವಲ್ಪ ಕುಯ್ದುಕೊಂಡೆ. ದೊಡ್ಡ ಗಾಯವೇನಲ್ಲ. ಅರಿಶಿನ ಒತ್ತಿ ಹಿಡಿದು ಸುಮ್ನೆ ಕೂತಿದ್ದಾಗ ಹಳೆಯ ಪ್ರಶ್ನೆಯೊಂದು ಮತ್ತೆ ತಲೆಗೆ ಬಂತು. ಕುಯ್ದದ್ದು ಚರ್ಮ, ಬಂದದ್ದು ರಕ್ತ. ರಕ್ತ ಕೆಂಪಗಿರುವುದು ಹಿಮೋಗ್ಲೋಬಿನ್ ಎಂಬ ಪ್ರೋಟೀನ್‌ನಿಂದ. ಆದರೆ ಹಿಮೋಗ್ಲೋಬಿನ್ ಮಾಡಲು ಬೇಕಾದ ಜೀನ್ ಚರ್ಮದ ಕೋಶದಲ್ಲೂ ಇದೆ. ಅರ್ಧಂಬರ್ಧ ಅಲ್ಲ, ಒಂದಕ್ಷರ ಬಿಡದೆ ಪೂರ್ತಿ ಇದೆ. ಹಾಗಿದ್ದರೂ ಚರ್ಮ ಹೇಳಿಕೊಳ್ಳುವಷ್ಟು ಹಿಮೋಗ್ಲೋಬಿನ್ ಮಾಡುವುದಿಲ್ಲ. ಕಣ್ಣು ಮಾಡುವುದಿಲ್ಲ, ಮಿದುಳು ಮಾಡುವುದಿಲ್ಲ. ಮೂಳೆಯ ಒಳಗಿನ ಮಜ್ಜೆಯಲ್ಲಿ, ಕೆಂಪು ರಕ್ತಕಣ ಆಗಲು ಹೊರಟ ಕೋಶಗಳು ಮಾತ್ರ ರಾಶಿಗಟ್ಟಲೆ ಮಾಡುತ್ತವೆ.

ಇನ್ನೂ ತಮಾಷೆಯ ವಿಷಯ ಕೇಳಿ. ಬೆರಳಿನಿಂದ ಹನಿಯಾಗಿ ಬಂತಲ್ಲ, ಆ ಕೆಂಪು ಕಣದಲ್ಲಿ ಹಿಮೋಗ್ಲೋಬಿನ್ ಜೀನ್ ಇಲ್ಲವೇ ಇಲ್ಲ. ಮಜ್ಜೆಯಿಂದ ಹೊರಡುವ ಮೊದಲೇ ಅದು ಜೀನ್‌ಗಳಿರುವ ತನ್ನ ನ್ಯೂಕ್ಲಿಯಸ್ಸನ್ನು ಹೊರಗೆ ತಳ್ಳಿಬಿಡುತ್ತದೆ. ಪೂರ್ತಿ ಬಲಿತ ಒಂದೊಂದು ಕಣದಲ್ಲೂ ಸುಮಾರು 27 ಕೋಟಿ ಹಿಮೋಗ್ಲೋಬಿನ್ ಅಣುಗಳು ತುಂಬಿರುತ್ತವೆ. ಆ ಗಂಟು ಹೊತ್ತುಕೊಂಡು ಅದು 120 ದಿನ ಓಡಾಡುತ್ತದೆ. ಅಂದರೆ ಚರ್ಮದಲ್ಲಿ ಜೀನ್ ಇದೆ, ಸರಕಿಲ್ಲ. ಕೆಂಪು ಕಣದಲ್ಲಿ ಸರಕಿದೆ, ಜೀನ್ ಇಲ್ಲ.

"ಅದು ಅವನ ಜೀನ್‌ನಲ್ಲೇ ಇದೆ" ಎಂದು ಈಗೀಗ ಎಲ್ಲರೂ ಹೇಳುತ್ತಾರೆ. ನನಗೆ ಆ ಮಾತು ಕೇಳಿದರೆ ಸ್ವಲ್ಪ ಕಿರಿಕಿರಿ. ಜೀನ್ ಇರುವುದು ಬೇರೆ, ಅದು ಕೆಲಸ ಮಾಡುವುದು ಬೇರೆ. ಯಾವ ಅಂಗಾಂಶದಲ್ಲಿ ಯಾವ ಜೀನ್ ಬಾಯಿ ಬಿಡಬೇಕು, ಯಾವುದು ಬಾಯಿ ಮುಚ್ಚಿಕೊಂಡಿರಬೇಕು ಎನ್ನುವುದನ್ನು ತೀರ್ಮಾನಿಸುವುದು ಡಿಎನ್‌ಎ ಮೇಲೆ ಬಂದು ಕೂರುವ ಕೆಲವು ಪ್ರೋಟೀನ್‌ಗಳು. ಈ ಲೇಖನ ಅವುಗಳ ಬಗ್ಗೆ. ಎಲ್ಲವನ್ನೂ ಹೇಳಹೊರಟರೆ ಪುಸ್ತಕವಾದೀತು. ಅದಕ್ಕೇ ಒಂದೇ ಒಂದು ಪ್ರೋಟೀನನ್ನು ಹಿಡಿದುಕೊಂಡು ಹೋಗೋಣ. ಅದರ ಹೆಸರು ಗಾಟಾ-1.

ಮೊದಲು ಜಾಗ ಎಷ್ಟು ದೊಡ್ಡದು ಎಂದು ನೋಡಿಬಿಡಿ. ಡಿಎನ್‌ಎ ಎನ್ನುವುದು ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರದಲ್ಲಿ ಬರೆದ ಉದ್ದನೆಯ ಸಾಲು. ಅಪ್ಪನಿಂದ ಒಂದು ಪ್ರತಿ, ಅಮ್ಮನಿಂದ ಒಂದು ಪ್ರತಿ. ಒಂದೊಂದು ಪ್ರತಿಯಲ್ಲೂ ಸುಮಾರು 300 ಕೋಟಿ ಅಕ್ಷರ. ಎರಡನ್ನೂ ಸೇರಿಸಿ ಎಳೆದು ಹಿಡಿದರೆ 2 ಮೀಟರ್ ಉದ್ದ. ಅಷ್ಟೂ ಕಣ್ಣಿಗೆ ಕಾಣದ ಒಂದು ನ್ಯೂಕ್ಲಿಯಸ್ಸಿನೊಳಗೆ ಮಡಚಿಕೊಂಡಿದೆ. ಇದರಲ್ಲಿ ಪ್ರೋಟೀನ್ ತಯಾರಿಸುವ ಜೀನ್‌ಗಳು ಸುಮಾರು 20,000. ಅವುಗಳಲ್ಲಿ ಪ್ರೋಟೀನಿನ ಬರಹ ಹಿಡಿಯುವ ಜಾಗ ಇಡೀ ಸಾಲಿನಲ್ಲಿ ನೂರಕ್ಕೆ ಒಂದೆರಡು ಪಾಲು ಮಾತ್ರ. ಉಳಿದದ್ದನ್ನು ಒಂದು ಕಾಲದಲ್ಲಿ ಕಸ ಎಂದು ಕರೆದರು. ಅದರಲ್ಲಿ ನಿಜವಾದ ಕಸವೂ ಇದೆ, ಇಲ್ಲವೆನ್ನಲಾರೆ. ಆದರೆ ಜೀನ್‌ಗಳ ಸ್ವಿಚ್ಚುಗಳು ಇರುವುದೂ ಅಲ್ಲೇ.

ಪ್ರೋಟೀನ್ ಬಂದು ಡಿಎನ್‌ಎ ಮೇಲೆ ಕೂತು ಜೀನನ್ನು ಹತೋಟಿಯಲ್ಲಿ ಇಡುತ್ತದೆ ಎಂಬ ವಿಚಾರ ಮೊದಲು ಸ್ಪಷ್ಟವಾದದ್ದು ಬ್ಯಾಕ್ಟೀರಿಯಾದಲ್ಲಿ. ಪ್ಯಾರಿಸ್‌ನ ಫ್ರಾನ್ಸ್ವಾ ಜಾಕೋಬ್ ಮತ್ತು ಜಾಕ್ ಮೊನೋ 1961ರಲ್ಲಿ ಅದನ್ನು ವಿವರಿಸಿದರು. ಹಾಲಿನ ಸಕ್ಕರೆ ಸಿಕ್ಕಾಗ ಮಾತ್ರ ಅದನ್ನು ಜೀರ್ಣಿಸುವ ಜೀನ್ ಏಳುತ್ತದೆ. ಇಲ್ಲದಾಗ ಒಂದು ತಡೆ ಅದರ ಮೇಲೆ ಕೂತಿರುತ್ತದೆ. ಅವರಿಗೆ 1965ರಲ್ಲಿ ನೊಬೆಲ್ ಬಂತು. ಅಚ್ಚರಿಯೆಂದರೆ ಆ ತಡೆಯ ವಸ್ತುವನ್ನು ಅಲ್ಲಿಯವರೆಗೆ ಯಾರೂ ಕೈಯಲ್ಲಿ ಹಿಡಿದಿರಲಿಲ್ಲ. ಅದು ಪ್ರೋಟೀನ್ ಎಂದು ತೋರಿಸಿ ಬೇರ್ಪಡಿಸಿದ್ದು 1966ರಲ್ಲಿ, ಗಿಲ್ಬರ್ಟ್ ಮತ್ತು ಮುಲ್ಲರ್-ಹಿಲ್. ಬ್ಯಾಕ್ಟೀರಿಯಾದ ಕಥೆ ಇಲ್ಲಿಗೆ ಸಾಕು. ಅದಕ್ಕೆ ಅಂಗಾಂಶಗಳಿಲ್ಲ, ನಮ್ಮ ತಲೆನೋವೂ ಇಲ್ಲ.

ಮನುಷ್ಯನಲ್ಲಿ ಇಂಥ ಪ್ರೋಟೀನ್‌ಗಳು ಸುಮಾರು 1,600 ಇವೆ. ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಎಂದು ಕರೆಯುತ್ತಾರೆ. ಪ್ರೋಟೀನ್ ಮಾಡಲು ಮೊದಲು ಡಿಎನ್‌ಎಯಿಂದ ಆರ್‌ಎನ್‌ಎ ಎಂಬ ನಕಲು ತೆಗೆಯಬೇಕು, ಅದಕ್ಕೆ ಟ್ರಾನ್ಸ್‌ಕ್ರಿಪ್ಷನ್ ಎಂದು ಹೆಸರು. ಆ ನಕಲು ತೆಗೆಯಬೇಕೋ ಬೇಡವೋ ಎಂದು ನಿರ್ಧರಿಸುವವು ಇವು.

ಈಗ ಒಂದು ನಿಜವಾದ ತೊಡಕು. ಡಿಎನ್‌ಎಯ ಅಕ್ಷರಗಳು ಹೊರಗೆ ಕಾಣುವಂತೆ ಬರೆದಿಲ್ಲ. ಎರಡು ಎಳೆ ಒಂದನ್ನೊಂದು ಸುತ್ತಿಕೊಂಡಿವೆ, ಅಕ್ಷರಗಳು ಒಳಗೆ ಮುಖಾಮುಖಿಯಾಗಿ ಅಂಟಿಕೊಂಡಿವೆ. ಬಿಚ್ಚದೆ ಓದುವುದು ಹೇಗೆ?

ಎರಡು ಎಳೆಯ ಹುರಿಹಗ್ಗವನ್ನು ಕೈಯಲ್ಲಿ ಹಿಡಿದು ನೋಡಿ. ಎಳೆಗಳ ನಡುವೆ ಸುರುಳಿಯಾಗಿ ಒಂದು ತೋಡು ಓಡುತ್ತಿರುತ್ತದೆ. ಡಿಎನ್‌ಎಯಲ್ಲೂ ಹಾಗೇ. ಅದರಲ್ಲಿ ಒಂದು ತೋಡು ಅಗಲ, ಇನ್ನೊಂದು ಕಿರಿದು. ಅಗಲದ ತೋಡಿನ ತಳದಲ್ಲಿ ಅಕ್ಷರಗಳ ಅಂಚು ಇಣುಕುತ್ತಿರುತ್ತದೆ. ಎ-ಟಿ ಜೋಡಿಯ ಅಂಚಿನ ಉಬ್ಬುತಗ್ಗು ಒಂದು ಥರ, ಜಿ-ಸಿ ಜೋಡಿಯದು ಇನ್ನೊಂದು ಥರ. ಪ್ರೋಟೀನ್ ತನ್ನ ಒಂದು ತುಣುಕನ್ನು ಬೆರಳಿನಂತೆ ಆ ತೋಡಿಗೆ ಇಳಿಸಿ ಅಂಚುಗಳನ್ನು ಸವರಿ ನೋಡುತ್ತದೆ. ಕತ್ತಲಲ್ಲಿ ಬೆರಳಾಡಿಸಿ ಬೀಗದ ಕಿಂಡಿ ಹುಡುಕುತ್ತೇವಲ್ಲ, ಹೆಚ್ಚುಕಡಿಮೆ ಆ ರೀತಿ. ಹೊಂದಿದರೆ ಅಂಟಿಕೊಳ್ಳುತ್ತದೆ. ಹೊಂದದಿದ್ದರೆ ಜಾರಿ ಮುಂದೆ ಹೋಗುತ್ತದೆ.

ಬೆರಳು ಎಂದದ್ದು ನನ್ನ ಕಲ್ಪನೆಯಲ್ಲ. 1985ರಲ್ಲಿ ಆರನ್ ಕ್ಲುಗ್ ತಂಡದವರು ಆಫ್ರಿಕಾದ ಒಂದು ಕಪ್ಪೆಯ ಪ್ರೋಟೀನನ್ನು ಪರೀಕ್ಷಿಸುವಾಗ ಅದರಲ್ಲಿ ಒಂದೇ ಮಾದರಿಯ ತುಣುಕುಗಳು ಸಾಲಾಗಿರುವುದನ್ನು ಕಂಡರು. ಪ್ರತಿ ತುಣುಕಿನ ಬುಡದಲ್ಲೂ ಒಂದು ಸತುವಿನ ಪರಮಾಣು. ಅದು ಆ ತುಣುಕನ್ನು ಮಡಚಿ, ಬೆರಳಿನ ಹಾಗೆ ಚಾಚಿಕೊಳ್ಳುವಂತೆ ಹಿಡಿದಿಡುತ್ತದೆ. ಆಮೇಲೆ ಇದಕ್ಕೆ ಸತುವಿನ ಬೆರಳು ಎಂದೇ ಹೆಸರಾಯಿತು. ನಮ್ಮ ಗಾಟಾ-1ಕ್ಕೂ ಇಂಥ ಎರಡು ಬೆರಳಿವೆ. ಊಟದಲ್ಲಿ ಸತು ಇರಬೇಕು ಎಂದು ಡಾಕ್ಟರು ಹೇಳಿದಾಗ ನನಗೆ ಈ ಬೆರಳುಗಳೇ ನೆನಪಾಗುತ್ತವೆ.

ಗಾಟಾ-1 ಸವರಿ ಹುಡುಕುವ ಪದ ಅದರ ಹೆಸರಿನಲ್ಲೇ ಇದೆ: ಜಿ-ಎ-ಟಿ-ಎ. ಅದರ ಹಿಂದೆ ಒಂದು ಎ ಅಥವಾ ಟಿ, ಮುಂದೆ ಒಂದು ಎ ಅಥವಾ ಜಿ ಇದ್ದರೆ ಅದಕ್ಕೆ ಇಷ್ಟ. ಇಷ್ಟೇ ವಿಳಾಸ.

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡಿ. ನಾಲ್ಕು ಅಕ್ಷರ ಖಚಿತ, ಎರಡು ಕಡೆ ಎರಡೆರಡು ಆಯ್ಕೆ. ಅಕ್ಷರಗಳನ್ನು ಸುಮ್ನೆ ಚೆಲ್ಲಿದರೂ ಒಂದು ಎಳೆಯಲ್ಲಿ 1,024 ಜಾಗಕ್ಕೆ ಒಂದು ಸಲ ಈ ಪದ ಸಿಗುತ್ತದೆ. ಎರಡೂ ಎಳೆ ಸೇರಿದರೆ 512ಕ್ಕೆ ಒಂದು. 300 ಕೋಟಿಯನ್ನು 512ರಿಂದ ಭಾಗಿಸಿದರೆ ಸುಮಾರು 60 ಲಕ್ಷ. ಅರವತ್ತು ಲಕ್ಷ ಮನೆಗೂ ಒಂದೇ ವಿಳಾಸ! ಯಾವ ಪೋಸ್ಟ್‌ಮ್ಯಾನ್ ತಾನೇ ಏನು ಮಾಡಿಯಾನು?

ಆದರೆ ನಿಜವಾದ ಕೋಶದಲ್ಲಿ ಗಾಟಾ-1 ಎಲ್ಲೆಲ್ಲಿ ಕೂತಿದೆ ಎಂದು ಹುಡುಕಿದರೆ ಸಿಗುವುದು ಸಾವಿರಗಳ ಲೆಕ್ಕದಲ್ಲಿ ಮಾತ್ರ. ಇದನ್ನು ಹುಡುಕುವ ಉಪಾಯ ಚೆನ್ನಾಗಿದೆ. ಕೋಶಗಳಿಗೆ ಫಾರ್ಮಾಲ್ಡಿಹೈಡ್ ಹಾಕಿ ಎಲ್ಲ ಪ್ರೋಟೀನನ್ನೂ ಇದ್ದಲ್ಲೇ ಡಿಎನ್‌ಎಗೆ ಅಂಟಿಸಿಬಿಡುತ್ತಾರೆ. ಡಿಎನ್‌ಎಯನ್ನು ಚೂರು ಮಾಡುತ್ತಾರೆ. ಗಾಟಾ-1ನ್ನು ಮಾತ್ರ ಹಿಡಿಯುವ ಪ್ರತಿಕಾಯ ಹಾಕಿ, ಅದರ ಜೊತೆ ಬಂದ ಚೂರುಗಳನ್ನು ಓದುತ್ತಾರೆ. ಬಲೆ ಎಳೆದು, ಮೀನಿನ ಜೊತೆ ಬಂದ ಪಾಚಿ ನೋಡಿ ಅದು ಯಾವ ಕೆರೆಯ ಮೀನು ಎಂದು ಹೇಳಿದ ಹಾಗೆ. ಉತ್ತರ: ಇರುವ ವಿಳಾಸಗಳಲ್ಲಿ ನೂರಕ್ಕೆ ಒಂದರಷ್ಟು ಕಡೆಯೂ ಅದು ಕೂರುವುದಿಲ್ಲ.

ಉಳಿದವುಗಳಿಗೆ ಯಾಕೆ ಹೋಗುವುದಿಲ್ಲ? ನನ್ನ ಪ್ರಕಾರ ಇಡೀ ವಿಷಯದ ಜೀವ ಇರುವುದು ಈ ಪ್ರಶ್ನೆಯಲ್ಲಿ.

ಒಂದು ಕಾರಣ, ಬಾಗಿಲು ಮುಚ್ಚಿರುತ್ತದೆ. ಡಿಎನ್‌ಎ ಬರಿದಾಗಿ ಬಿದ್ದಿರುವುದಿಲ್ಲ. ದಾರವನ್ನು ರೀಲಿಗೆ ಸುತ್ತಿದಂತೆ, ಹಿಸ್ಟೋನ್ ಎಂಬ ಪ್ರೋಟೀನ್ ಉಂಡೆಗಳಿಗೆ ಸುತ್ತಿಕೊಂಡಿರುತ್ತದೆ. ಒಂದೊಂದು ಉಂಡೆಗೂ 147 ಅಕ್ಷರ ಉದ್ದದ ಡಿಎನ್‌ಎ, ಎರಡು ಸುತ್ತಿಗೆ ಸ್ವಲ್ಪ ಕಡಿಮೆ. ಉಂಡೆಗಳು ಒತ್ತೊತ್ತಾಗಿ ಕೂತ ಕಡೆ ವಿಳಾಸವಿದ್ದರೂ ಬೆರಳು ಇಳಿಯಲು ಜಾಗವಿಲ್ಲ. ಮಡಿಸಿ ಪೆಟ್ಟಿಗೆಯಲ್ಲಿಟ್ಟ ಸೀರೆಯ ಒಳಗಿನ ಬುಟ್ಟಾ ಕಾಣುತ್ತದೆಯೇ?

ಯಾವ ಅಂಗಾಂಶದಲ್ಲಿ ಯಾವ ಸೀರೆ ಬಿಚ್ಚಿದೆ ಎಂಬುದೇ ಬೇರೆ ಬೇರೆ. ಇದನ್ನು 1976ರಲ್ಲಿ ಹೆರಾಲ್ಡ್ ವೈನ್‌ಟ್ರಾಬ್ ಮತ್ತು ಮಾರ್ಕ್ ಗ್ರೌಡೀನ್ ತೋರಿಸಿದರು. ಅವರು ಆರಿಸಿಕೊಂಡದ್ದು ಕೋಳಿಯ ರಕ್ತ. ಕೋಳಿಯ ಕೆಂಪು ಕಣಕ್ಕೆ ನಮ್ಮದರ ಹಾಗಲ್ಲ, ನ್ಯೂಕ್ಲಿಯಸ್ ಉಳಿದಿರುತ್ತದೆ. ಕೋಶಗಳ ನ್ಯೂಕ್ಲಿಯಸ್ ತೆಗೆದು ಡಿಎನ್‌ಎ ಕತ್ತರಿಸುವ ಕಿಣ್ವವನ್ನು ಸ್ವಲ್ಪವೇ ಹಾಕಿದರು. ಕಿಣ್ವಕ್ಕೆ ಓದಲು ಬರುವುದಿಲ್ಲ. ಬಿಚ್ಚಿದ್ದು ಸಿಕ್ಕಿದರೆ ಕತ್ತರಿಸುತ್ತದೆ ಅಷ್ಟೇ. ರಕ್ತಕಣದಲ್ಲಿ, ಹಿಮೋಗ್ಲೋಬಿನ್ನಿನ ಸರಪಳಿ ಮಾಡುವ ಗ್ಲೋಬಿನ್ ಜೀನ್ ಬೇಗ ಚೂರಾಯಿತು. ಬೇರೆ ಅಂಗಾಂಶದ ಕೋಶಗಳಲ್ಲಿ ಅದೇ ಜೀನ್ ಗಟ್ಟಿಯಾಗಿ ಉಳಿಯಿತು. ಅಕ್ಷರ ಅದೇ, ಮಡಿಕೆ ಬೇರೆ.

ಎರಡನೇ ಕಾರಣ ಕೋರಂ. ಗ್ರಾಮ ಪಂಚಾಯಿತಿ ಸಭೆಗೆ ಅಧ್ಯಕ್ಷರು ಒಬ್ಬರೇ ಬಂದು ಕೂತರೆ ನಿರ್ಣಯ ಆಗುವುದಿಲ್ಲ, ಅಲ್ವಾ? ಗಾಟಾ-1 ಒಂದೇ ಬಂದರೂ ಸಾಲದು. ಅದರ ಪಕ್ಕದಲ್ಲಿ ಟಾಲ್-1 ಎಂಬ ಪ್ರೋಟೀನ್ ಕೂರಬೇಕು. ಇಬ್ಬರನ್ನೂ ಬೆಸೆಯಲು ಎಲ್‌ಎಂಒ-2, ಎಲ್‌ಡಿಬಿ-1 ಬೇಕು. ಗ್ಲೋಬಿನ್ ಜೀನ್‌ನ ಬಾಗಿಲಲ್ಲಿ, ಅಂದರೆ ಜೀನ್ ಶುರುವಾಗುವುದಕ್ಕೆ ಸ್ವಲ್ಪ ಮುಂಚಿನ ಜಾಗದಲ್ಲಿ, ಸಿ-ಎ-ಸಿ-ಸಿ-ಸಿ ಎಂಬ ಇನ್ನೊಂದು ಪದ ಇದೆ. ಅಲ್ಲಿಗೆ ಕೆಎಲ್‌ಎಫ್-1 ಬರಬೇಕು. ಈ ಐದು ಅಕ್ಷರದಲ್ಲಿ ಒಂದು ತಪ್ಪಿದರೂ ಬೀಟಾ ತಲಸ್ಸೀಮಿಯಾ ಎಂಬ ರಕ್ತಹೀನತೆ ಬರಬಹುದು. ಜೀನ್ ಚೆನ್ನಾಗೇ ಇರುತ್ತದೆ. ಕೆಟ್ಟಿರುವುದು ಬಾಗಿಲ ಮೇಲಿನ ಬೋರ್ಡು.

ಇವರಲ್ಲಿ ಹೆಚ್ಚಿನವರು ಕೆಂಪು ಕಣಕ್ಕೆ ಮಾತ್ರ ಮೀಸಲಲ್ಲ ಎನ್ನಬಹುದು. ಗಾಟಾ-1 ಪ್ಲೇಟ್‌ಲೆಟ್ ಮಾಡುವ ಕೋಶದಲ್ಲೂ ಇದೆ. ಎಲ್‌ಡಿಬಿ-1 ಎಷ್ಟೋ ಕಡೆ ಇದೆ. ಆದರೆ ಇಷ್ಟೂ ಜನ ಒಟ್ಟಿಗೆ, ಒಂದೇ ಹೊತ್ತಿಗೆ, ಬಿಚ್ಚಿದ ಡಿಎನ್‌ಎ ಮೇಲೆ ಸೇರುವುದು ಕೆಂಪು ಕಣದ ತಾಯಿಕೋಶದಲ್ಲಿ ಮಾತ್ರ. ಅಂಗಾಂಶಕ್ಕೊಂದು ಪ್ರೋಟೀನ್ ಅಂತ ಇಟ್ಟಿದ್ದರೆ ಎಷ್ಟು ಬೇಕಾಗುತ್ತಿತ್ತೋ! 1,600ರಲ್ಲೇ ಬೇರೆ ಬೇರೆ ಜೋಡಣೆ ಮಾಡಿ ದೇಹ ಸಂಸಾರ ನಡೆಸುತ್ತದೆ.

ಕೂತವರು ಖಾಯಂ ಕೂರುವುದೂ ಇಲ್ಲ. ಒಂದೊಂದೇ ಅಣುವನ್ನು ಬೆಳಕಿನಲ್ಲಿ ಹಿಂಬಾಲಿಸಿ ನೋಡಿದಾಗ ಇಂಥ ಪ್ರೋಟೀನ್‌ಗಳಲ್ಲಿ ಬಹಳಷ್ಟು ಕೆಲವೇ ಸೆಕೆಂಡು ಕೂತು ಎದ್ದು ಹೋಗುವುದು ಕಂಡಿತು. ನುಗ್ಗಾಟದ ಹೊತ್ತಿನ ಸಿಟಿ ಬಸ್ಸಿನ ಸೀಟಿನ ಥರ. ಒಬ್ಬರು ಎದ್ದರೆ ಇನ್ನೊಬ್ಬರು ಕೂರುತ್ತಾರೆ. ಪ್ರಯಾಣಿಕರು ಬದಲಾಗುತ್ತಲೇ ಇದ್ದರೂ ಸೀಟು ಭರ್ತಿ. ಹಾಗಾಗಿ ಕೋಶದಲ್ಲಿ ಆ ಪ್ರೋಟೀನ್ ಎಷ್ಟಿದೆ ಎನ್ನುವುದು ಬಹಳ ಮುಖ್ಯ.

ಇನ್ನು ದೂರದ ವಿಷಯ. ಹಿಮೋಗ್ಲೋಬಿನ್ನಿನ ಎರಡು ಬಗೆಯ ಸರಪಳಿಗಳಲ್ಲಿ ಒಂದಾದ ಬೀಟಾ ಗ್ಲೋಬಿನ್ನಿನ ಜೀನ್ ಇರುವುದು 11ನೇ ಕ್ರೋಮೋಸೋಮಿನಲ್ಲಿ. ಅದರ ಮುಖ್ಯ ಸ್ವಿಚ್ ಪಕ್ಕದಲ್ಲಿಲ್ಲ, ಸುಮಾರು 50,000 ಅಕ್ಷರ ಆಚೆ ಇದೆ. ಇದು ಗೊತ್ತಾದದ್ದು ರೋಗಿಗಳಿಂದ. 1980ರ ದಶಕದ ಆರಂಭದಲ್ಲಿ ನೆದರ್ಲೆಂಡ್ಸ್‌ನ ವಿಜ್ಞಾನಿಗಳು ಒಂದು ವಿಚಿತ್ರ ತಲಸ್ಸೀಮಿಯಾ ಕಂಡರು. ಬೀಟಾ ಜೀನ್ ಪೂರ್ತಿ ಸರಿಯಾಗಿದೆ, ಬಾಗಿಲೂ ಸರಿಯಾಗಿದೆ, ಆದರೆ ಜೀನ್ ಸತ್ತಂತೆ ಬಿದ್ದಿದೆ. ಹುಡುಕಿದಾಗ, ಜೀನಿಗಿಂತ ಮುಂಚೆ ಇರಬೇಕಾದ ಒಂದು ದೊಡ್ಡ ತುಂಡು ಡಿಎನ್‌ಎ ಕಳೆದುಹೋಗಿತ್ತು. 1987ರಲ್ಲಿ ಲಂಡನ್ನಿನಲ್ಲಿ ಫ್ರಾಂಕ್ ಗ್ರೋಸ್‌ವೆಲ್ಡ್ ತಂಡ ಮನುಷ್ಯನ ಬೀಟಾ ಜೀನಿಗೆ ಆ ದೂರದ ತುಂಡುಗಳನ್ನು ಜೋಡಿಸಿ ಇಲಿಗೆ ಹಾಕಿತು. ಇಲಿಯ ರಕ್ತದಲ್ಲಿ ಮನುಷ್ಯನ ಗ್ಲೋಬಿನ್ ಭರಪೂರ ಬಂತು. ಆ ತುಂಡಿಲ್ಲದೆ ಹಾಕಿದಾಗ ಬರುತ್ತಿದ್ದದ್ದು ಅಷ್ಟಕ್ಕಷ್ಟೇ.

ಅಷ್ಟು ದೂರದಿಂದ ಸ್ವಿಚ್ ಹೇಗೆ ಕೆಲಸ ಮಾಡುತ್ತದೆ? ಸೀರೆ ಉಟ್ಟವರನ್ನು ನೋಡಿ. ಸೆರಗು ಸೀರೆಯ ಒಂದು ತುದಿ. ಸೊಂಟದ ಬಳಿಯ ಅಂಚು ಅದರಿಂದ ಎಷ್ಟೋ ಮೊಳ ದೂರ. ಕೆಲಸಕ್ಕೆ ನಿಂತಾಗ ಸೆರಗು ತಂದು ಸೊಂಟಕ್ಕೆ ಸಿಕ್ಕಿಸಿದರೆ ಎರಡೂ ಒಂದಕ್ಕೊಂದು ಅಂಟಿ ನಿಲ್ಲುತ್ತವೆ. ಡಿಎನ್‌ಎ ಕೂಡ ಹಾಗೆ ಬಾಗಿ ಕುಣಿಕೆಯಾಗುತ್ತದೆ. ದೂರದ ಸ್ವಿಚ್ಚಿನ ಮೇಲೆ ಕೂತ ಗಾಟಾ-1 ಬಳಗ, ಜೀನ್ ಬಾಗಿಲಲ್ಲಿ ಕೂತ ಬಳಗ ಎರಡೂ ಎಲ್‌ಡಿಬಿ-1ರ ಮೂಲಕ ಕೈ ಹಿಡಿದುಕೊಳ್ಳುತ್ತವೆ. ಆಗ ಆರ್‌ಎನ್‌ಎ ನಕಲು ತೆಗೆಯುವ ಯಂತ್ರ ಅಲ್ಲಿಗೆ ಬಂದು ಕೆಲಸ ಶುರು ಮಾಡುತ್ತದೆ. 2012ರಲ್ಲಿ ವಿಜ್ಞಾನಿಗಳು ಇದನ್ನು ಬೇಕೆಂದೇ ಮಾಡಿ ನೋಡಿದರು. ಗಾಟಾ-1 ಇಲ್ಲದ ಇಲಿಯ ಕೋಶದಲ್ಲಿ, ಕೃತಕ ಸತುವಿನ ಬೆರಳಿಗೆ ಎಲ್‌ಡಿಬಿ-1 ಕಟ್ಟಿ ಗ್ಲೋಬಿನ್ ಬಾಗಿಲಿಗೆ ಕಳಿಸಿದರು. ಕುಣಿಕೆ ಬಿತ್ತು. ಜೀನ್ ಕೂಡ ಎದ್ದಿತು.

ಇಷ್ಟು ಹೇಳಿದ ಮೇಲೆ ಯಾರಾದರೂ ಕೇಳಿಯೇ ಕೇಳುತ್ತಾರೆ: ಗಾಟಾ-1 ಕೂಡ ಒಂದು ಪ್ರೋಟೀನ್ ತಾನೇ? ಅದರ ಜೀನೂ ಚರ್ಮದಲ್ಲಿ ಇದೆ ತಾನೇ? ಅದನ್ನು ಮಜ್ಜೆಯಲ್ಲಿ ಮಾತ್ರ ಎಬ್ಬಿಸಿದ್ದು ಯಾರು? ಸರಿಯಾದ ಪ್ರಶ್ನೆ. ಅದನ್ನು ಎಬ್ಬಿಸುವುದು ಅದಕ್ಕಿಂತ ಮೊದಲಿದ್ದ ಗಾಟಾ-2. ಅದನ್ನು ಇನ್ನೊಬ್ಬರು. ಹೀಗೆ ಹಿಂದೆ ಹಿಂದೆ ಹೋದರೆ ಭ್ರೂಣದವರೆಗೆ ಮುಟ್ಟುತ್ತೇವೆ. ಅಲ್ಲಿ ಯಾವ ಕೋಶ ಎಲ್ಲಿತ್ತು, ಪಕ್ಕದವರು ಏನು ಸಂದೇಶ ಕೊಟ್ಟರು ಎಂಬುದರಿಂದ ದಾರಿ ಬೇರೆಯಾಗುತ್ತದೆ. ಒಮ್ಮೆ ಎದ್ದ ಮೇಲೆ ಗಾಟಾ-1 ತನ್ನ ಜೀನ್‌ನ ಮೇಲೆ ತಾನೇ ಕೂತು ತನ್ನನ್ನು ಇನ್ನಷ್ಟು ಹೆಚ್ಚಿಸಿಕೊಳ್ಳುತ್ತದೆ. ಬಿಳಿ ಕಣದ ಕಡೆಯ ಪಿಯು-1 ಎಂಬ ಪ್ರೋಟೀನನ್ನು ತಡೆಯುತ್ತದೆ, ಗಾಟಾ-2ನ್ನು ಮೂಲೆಗೆ ತಳ್ಳುತ್ತದೆ. ಅಧಿಕಾರಕ್ಕೆ ಬಂದವರ ಬುದ್ಧಿ ಎಲ್ಲ ಕಡೆ ಒಂದೇ.

ಇಂಥ ಒಂದು ಪ್ರೋಟೀನಿಗೆ ಎಷ್ಟು ಬಲ ಇದೆ ಎಂದು 1987ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಅದೇ ವೈನ್‌ಟ್ರಾಬ್ ಗುಂಪು ತೋರಿಸಿತು. ಮಯೋ-ಡಿ ಎಂಬ ಒಂದೇ ಪ್ರೋಟೀನಿನ ಜೀನನ್ನು ಇಲಿಯ ಬೇರೆ ಬಗೆಯ ಕೋಶಕ್ಕೆ ಹಾಕಿದಾಗ ಅದು ಸ್ನಾಯುವಿನ ಕೋಶವಾಗಿ ಬದಲಾಯಿತು. 2006ರಲ್ಲಿ ಜಪಾನಿನ ಶಿನ್ಯಾ ಯಮನಾಕ ಇಂಥ ನಾಲ್ಕು ಪ್ರೋಟೀನಿನ ಜೀನ್ ಹಾಕಿ, ಬೆಳೆದ ಇಲಿಯ ಕೋಶವನ್ನು ಮತ್ತೆ ಭ್ರೂಣದ ಕೋಶದಂತೆ ಎಳೆಯದಾಗಿಸಿದರು. ಆರು ವರ್ಷದಲ್ಲಿ ನೊಬೆಲ್ ಬಂತು.

ಈಗ ನಮ್ಮ ನಾಲ್ಕಕ್ಷರಕ್ಕೆ ವಾಪಸ್ ಬರೋಣ. ಅದರಲ್ಲಿ ಒಂದೇ ಅಕ್ಷರ ತಪ್ಪಿದರೆ ಏನಾಗುತ್ತದೆ? ಪ್ರಕೃತಿ ಈ ಪ್ರಯೋಗ ಮಾಡಿ ಮುಗಿಸಿದೆ.

ಮಂಗಳೂರಿನವರಿಗೆ ವೈವಾಕ್ಸ್ ಮಲೇರಿಯಾ ಹೊಸದಲ್ಲ. ಅಲ್ಲಿ ಬರುವ ಮಲೇರಿಯಾದಲ್ಲಿ ಹೆಚ್ಚಿನ ಪಾಲು ಅದೇ. ಈ ಪರಾವಲಂಬಿ ಕೆಂಪು ಕಣದೊಳಗೆ ನುಗ್ಗಲು ಕಣದ ಮೇಲಿರುವ ಡಫಿ ಎಂಬ ಪ್ರೋಟೀನನ್ನು ಹಿಡಿಕೆಯಂತೆ ಬಳಸುತ್ತದೆ. ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಬಹುಪಾಲು ಜನರ ಕೆಂಪು ಕಣದ ಮೇಲೆ ಈ ಹಿಡಿಕೆಯೇ ಇಲ್ಲ. ಅದಕ್ಕೇ ವೈವಾಕ್ಸ್ ಅವರ ತಂಟೆಗೆ ಬರುವುದು ಅಪರೂಪ. ಜೀನ್ ಹಾಳಾಗಿರಬೇಕು ಎಂದು ಯಾರಿಗಾದರೂ ಅನಿಸುತ್ತದೆ. 1995ರಲ್ಲಿ ಪ್ಯಾರಿಸ್‌ನ ಸಂಶೋಧಕರು ನೋಡಿದಾಗ ಜೀನ್ ಚೆನ್ನಾಗೇ ಇತ್ತು. ಅದರ ಬಾಗಿಲಲ್ಲಿದ್ದ ಗಾಟಾ ವಿಳಾಸದಲ್ಲಿ ಮಾತ್ರ ಒಂದಕ್ಷರ ಬದಲಾಗಿತ್ತು. ಜಿ-ಎ-ಟಿ-ಎ ಇದ್ದದ್ದು ಜಿ-ಜಿ-ಟಿ-ಎ ಆಗಿತ್ತು. ಅಷ್ಟಕ್ಕೆ ಗಾಟಾ-1ರ ಬೆರಳು ಅಲ್ಲಿ ನಿಲ್ಲುವುದಿಲ್ಲ. ಕೆಂಪು ಕಣದಲ್ಲಿ ಡಫಿ ಬರುವುದಿಲ್ಲ.

ನಾನು ಮೊದಲ ಸಲ ಓದಿದಾಗ ಬೆರಗಾದದ್ದು ಮುಂದಿನ ಸಂಗತಿಗೆ. ಅದೇ ಜನರ ರಕ್ತನಾಳದ ಒಳಪದರದಲ್ಲಿ, ಮಿದುಳಿನಲ್ಲಿ ಡಫಿ ಪ್ರೋಟೀನ್ ಎಂದಿನಂತೆ ಇದೆ! ಅಲ್ಲಿ ಆ ಜೀನನ್ನು ಎಬ್ಬಿಸುವವರು ಬೇರೆ. ಅವರು ಗಾಟಾ ವಿಳಾಸ ನೋಡುವವರಲ್ಲ. ಹಾಗಾಗಿ ಆ ಒಂದಕ್ಷರದ ತಪ್ಪು ಅವರಿಗೆ ತಿಳಿಯುವುದೇ ಇಲ್ಲ. ಇಡೀ ಮೈಯ ಡಿಎನ್‌ಎಯಲ್ಲಿ ಇರುವ ಬದಲಾವಣೆ, ಪರಿಣಾಮ ಮಾತ್ರ ಒಂದೇ ಅಂಗಾಂಶದಲ್ಲಿ.

ಈ ಮಾತನ್ನು ನೆನಪಿಟ್ಟುಕೊಳ್ಳಿ. ಹತ್ತಾರು ವರ್ಷಗಳ ಮೇಲೆ ಇದೇ ಜಾಣತನ ಔಷಧಿಯಾಗಿ ಬಂತು.

ಅದಕ್ಕೆ ಮೊದಲು ಮಗುವಿನ ರಕ್ತದ ಬಗ್ಗೆ ಎರಡು ಮಾತು. ಹೊಟ್ಟೆಯೊಳಗಿನ ಮಗು ನಮ್ಮಂಥ ಹಿಮೋಗ್ಲೋಬಿನ್ ಬಳಸುವುದಿಲ್ಲ. ತಾಯಿಯ ರಕ್ತದಿಂದ ಆಮ್ಲಜನಕ ಎಳೆದುಕೊಳ್ಳಬೇಕಲ್ಲ, ಅದಕ್ಕೆ ಹಿಡಿತ ಜಾಸ್ತಿಯಿರುವ ಬೇರೆಯದೇ ಹಿಮೋಗ್ಲೋಬಿನ್ ಬೇಕು. ಬೀಟಾ ಬದಲು ಅದರಲ್ಲಿ ಗಾಮಾ ಎಂಬ ಸರಪಳಿ ಇರುತ್ತದೆ. 11ನೇ ಕ್ರೋಮೋಸೋಮಿನಲ್ಲಿ ಗಾಮಾ, ಬೀಟಾ ಜೀನ್‌ಗಳು ಒಂದೇ ಬೀದಿಯ ಮನೆಗಳಂತೆ ಸಾಲಾಗಿವೆ. ದೂರದ ಆ ಒಂದೇ ಸ್ವಿಚ್ ಮೊದಲು ಗಾಮಾ ಕಡೆ ಬಾಗುತ್ತದೆ, ಹುಟ್ಟುವ ಹೊತ್ತಿಗೆ ಬೀಟಾ ಕಡೆ ತಿರುಗುತ್ತದೆ. ಹುಟ್ಟಿದ ಆರು ತಿಂಗಳಲ್ಲಿ ಗಾಮಾ ಬಹುತೇಕ ಮುಗಿಯುತ್ತದೆ. ದೊಡ್ಡವರಲ್ಲಿ ಅದು ಸಾಮಾನ್ಯವಾಗಿ ನೂರಕ್ಕೆ ಒಂದಕ್ಕಿಂತ ಕಡಿಮೆ.

ಕುಡಗೋಲು ಕಣ ರೋಗದಲ್ಲಿ ಬೀಟಾ ಜೀನ್‌ನ ಒಂದಕ್ಷರ ತಪ್ಪಿರುತ್ತದೆ. ಎ ಇರಬೇಕಾದಲ್ಲಿ ಟಿ. ಹಿಮೋಗ್ಲೋಬಿನ್ ಸರಳುಗಳಂತೆ ಗಟ್ಟಿಕಟ್ಟಿ ಕಣ ಕುಡುಗೋಲಿನಂತೆ ಬಾಗುತ್ತದೆ. ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಆ ನೋವು ಅನುಭವಿಸಿದವರಿಗೇ ಗೊತ್ತು. ಭಾರತದಲ್ಲಿ ಇದು ಮೊದಲು ದಾಖಲಾದದ್ದು 1952ರಲ್ಲಿ, ನೀಲಗಿರಿ ಬೆಟ್ಟದ ಜನರಲ್ಲಿ. ನಮ್ಮಲ್ಲಿ ಮೈಸೂರು, ಚಾಮರಾಜನಗರ, ಕೊಡಗಿನ ಕಾಡಂಚಿನ ಬುಡಕಟ್ಟು ಹಾಡಿಗಳಲ್ಲಿ ಇದೆ. 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಶುರುವಾದ ರಾಷ್ಟ್ರೀಯ ನಿರ್ಮೂಲನಾ ಯೋಜನೆಯಲ್ಲಿ ಕರ್ನಾಟಕವೂ ಸೇರಿದೆ. ಬೆರಳಿಂದ ಹನಿ ರಕ್ತ ತೆಗೆದು ಪರೀಕ್ಷಿಸುವ ಕೆಲಸ ನಡೆಯುತ್ತಿದೆ.

1948ರಲ್ಲಿ ನ್ಯೂಯಾರ್ಕಿನ ಮಕ್ಕಳ ವೈದ್ಯೆ ಜಾನೆಟ್ ವಾಟ್ಸನ್ ಒಂದನ್ನು ಗಮನಿಸಿದ್ದರು. ಕುಡಗೋಲು ರೋಗದ ಜೀನ್ ಇದ್ದರೂ ಆಗತಾನೇ ಹುಟ್ಟಿದ ಮಕ್ಕಳ ಕಣಗಳು ಅಷ್ಟಾಗಿ ಬಾಗುವುದಿಲ್ಲ. ಗಾಮಾ ಇರುವವರೆಗೂ ಅವು ಸುರಕ್ಷಿತ. ಹಾಗಾದರೆ ಗಾಮಾವನ್ನು ದೊಡ್ಡವರಲ್ಲೂ ಉಳಿಸಿಕೊಂಡರೆ? ಕೆಲವರಲ್ಲಿ ಅದು ತಾನಾಗೇ ಉಳಿದಿರುತ್ತದೆ. ಭಾರತದ ಎಷ್ಟೋ ರೋಗಿಗಳಲ್ಲಿ ಗಾಮಾ ಸ್ವಲ್ಪ ಜಾಸ್ತಿಯೇ ಇರುವುದರಿಂದ ಕಾಯಿಲೆಯ ಕಾಟ ಆಫ್ರಿಕಾದವರಿಗಿಂತ ಕಡಿಮೆ ಇರುವುದುಂಟು. ಈಗ ಸುಲಭವಾಗಿ ಸಿಗುವ ಹೈಡ್ರಾಕ್ಸಿಯೂರಿಯಾ ಮಾತ್ರೆಯೂ ಗಾಮಾವನ್ನು ಸ್ವಲ್ಪ ಏರಿಸುತ್ತದೆ. ಆದರೆ ಗಾಮಾವನ್ನು ಮುಚ್ಚುವವರು ಯಾರು ಎಂದು ಅರವತ್ತು ವರ್ಷ ಗೊತ್ತಾಗಲಿಲ್ಲ.

2007-08ರಲ್ಲಿ ಸಾವಿರಾರು ಜನರ ಡಿಎನ್‌ಎ ಹೋಲಿಸಿ ನೋಡಿದಾಗ ಒಂದು ಸುಳಿವು ಸಿಕ್ಕಿತು. ಗಾಮಾ ಹೆಚ್ಚು ಉಳಿದವರಲ್ಲಿ ವ್ಯತ್ಯಾಸ ಇದ್ದದ್ದು 11ನೇ ಕ್ರೋಮೋಸೋಮಿನಲ್ಲಷ್ಟೇ ಅಲ್ಲ, 2ನೇ ಕ್ರೋಮೋಸೋಮಿನಲ್ಲೂ. ಅಲ್ಲಿದ್ದದ್ದು ಬಿಸಿಎಲ್-11ಎ ಎಂಬ ಜೀನ್. ಅದರ ಪ್ರೋಟೀನೂ ಡಿಎನ್‌ಎ ಮೇಲೆ ಕೂರುವ ಸತುವಿನ ಬೆರಳಿನದೇ. ಆದರೆ ಇದು ಎಬ್ಬಿಸುವ ಜಾತಿಯಲ್ಲ, ಮಲಗಿಸುವ ಜಾತಿ. ಗಾಮಾ ಜೀನ್‌ನ ಬಾಗಿಲಿನಲ್ಲಿ ಟಿ-ಜಿ-ಎ-ಸಿ-ಸಿ-ಎ ಎಂಬ ಪದದ ಮೇಲೆ ಇದು ಕೂರುತ್ತದೆ ಎಂದು 2018ರಲ್ಲಿ ಖಚಿತವಾಯಿತು. ಗ್ರೀಸ್‌ನ ಕೆಲವು ಕುಟುಂಬಗಳಲ್ಲಿ ಇದೇ ಪದದ ಜಿ, ಎ ಆಗಿತ್ತು. ಅವರಿಗೆ ವಯಸ್ಸಾದರೂ ಗಾಮಾ ನಿಂತಿರಲಿಲ್ಲ. ಬಹಳ ಹಿಂದೆಯೇ ಗೊತ್ತಿದ್ದ ಆ ಒಗಟು ಅಂದು ಬಿಡಿಸಿಕೊಂಡಿತು.

ಸರಿ, ಬಿಸಿಎಲ್-11ಎಯನ್ನೇ ತೆಗೆದುಹಾಕಿದರೆ ಆಯಿತಲ್ಲ? ಆಗುವುದಿಲ್ಲ. ಅದು ಮಿದುಳಿನ ಬೆಳವಣಿಗೆಗೆ ಬೇಕು. ಪ್ರತಿಕಾಯ ಮಾಡುವ ಬಿ ಕೋಶಗಳಿಗೆ ಬೇಕು. ಅದು ಪೂರ್ತಿ ಇಲ್ಲದ ಇಲಿಮರಿಗಳು ಹುಟ್ಟಿದ ಕೂಡಲೇ ಸಾಯುತ್ತವೆ. ಒಂದು ಪ್ರತಿ ಕೆಟ್ಟ ಮಕ್ಕಳಲ್ಲಿ ಗಾಮಾ ಉಳಿಯುತ್ತದೆ, ಜೊತೆಗೆ ಬುದ್ಧಿ ಬೆಳವಣಿಗೆಯೂ ಕುಂಟುತ್ತದೆ. ಬೇಕಾದದ್ದು ಕೆಂಪು ಕಣದಲ್ಲಿ ಮಾತ್ರ ಅದನ್ನು ಇಳಿಸುವ ದಾರಿ.

ದಾರಿ ಸಿಕ್ಕಿದ್ದು 2013ರಲ್ಲಿ. ಅಮೆರಿಕದ ಬಾಸ್ಟನ್ನಿನಲ್ಲಿ ಡೇನಿಯಲ್ ಬಾವರ್, ಸ್ಟುವರ್ಟ್ ಆರ್ಕಿನ್ ಮತ್ತು ಜೊತೆಗಾರರು ಬಿಸಿಎಲ್-11ಎ ಜೀನ್‌ನ ಒಳಗೇ, ಪ್ರೋಟೀನ್ ಮಾಡಲು ಬಳಸದ ಭಾಗದಲ್ಲಿ ಒಂದು ಸ್ವಿಚ್ ಕಂಡರು. ಈ ಆರ್ಕಿನ್ ಅವರದೇ ಗುಂಪು 1989ರಲ್ಲಿ ಗಾಟಾ-1ರ ಜೀನನ್ನು ಹಿಡಿದಿತ್ತು. ಆ ಸ್ವಿಚ್ ಕೆಂಪು ಕಣದ ವಂಶದಲ್ಲಿ ಮಾತ್ರ ಕೆಲಸ ಮಾಡುತ್ತದೆ. ಅದನ್ನು ತೆಗೆದಾಗ ಕೆಂಪು ಕಣದ ಕೋಶದಲ್ಲಿ ಬಿಸಿಎಲ್-11ಎ ಹೋಯಿತು, ಬಿ ಕೋಶದಲ್ಲಿ ಹಾಗೇ ಇತ್ತು. ಆಮೇಲೆ ಸ್ವಿಚ್ಚಿನ ಉದ್ದಕ್ಕೂ ಒಂದೊಂದೇ ಜಾಗ ಕತ್ತರಿಸಿ ನೋಡಿದರು. ಎಲ್ಲಕ್ಕಿಂತ ಸೂಕ್ಷ್ಮವಾದ ಜಾಗದಲ್ಲಿ ಇದ್ದದ್ದು ನಮ್ಮ ಹಳೆಯ ಪರಿಚಯ: ಜಿ-ಎ-ಟಿ-ಎ.

ಆ ವಿಳಾಸವನ್ನು, ಡಿಎನ್‌ಎಯನ್ನು ಬೇಕಾದ ಜಾಗದಲ್ಲಿ ತುಂಡರಿಸುವ ಕ್ರಿಸ್ಪರ್ ಎಂಬ ಕತ್ತರಿಯಿಂದ ಕೆಡಿಸುವ ಚಿಕಿತ್ಸೆಗೆ ಕ್ಯಾಸ್‌ಜೆವಿ ಎಂದು ಹೆಸರು. 2023ರ ನವೆಂಬರಿನಲ್ಲಿ ಬ್ರಿಟನ್, ಡಿಸೆಂಬರಿನಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟವು. ಎಲ್ಲ ಬಗೆಯ ರಕ್ತಕೋಶ ಹುಟ್ಟುವುದು ಯಾವುದರಿಂದಲೋ, ರೋಗಿಯದೇ ಮಜ್ಜೆಯ ಆ ತಾಯಿಕೋಶಗಳನ್ನು ಹೊರತೆಗೆದು, ತಿದ್ದಿ, ವಾಪಸ್ ಹಾಕುತ್ತಾರೆ. ನಡುವೆ ಹಳೆಯ ಮಜ್ಜೆಯನ್ನು ಕೀಮೋ ಔಷಧಿ ಕೊಟ್ಟು ಖಾಲಿ ಮಾಡಬೇಕು. ಅದು ಸಣ್ಣ ಕಷ್ಟವಲ್ಲ, ತಿಂಗಳುಗಟ್ಟಲೆ ಹಿಡಿಯುತ್ತದೆ. ಅಮೆರಿಕ ಒಪ್ಪಿಗೆ ಕೊಡುವಾಗ ಲೆಕ್ಕಕ್ಕೆ ಸಿಕ್ಕ 31 ರೋಗಿಗಳಲ್ಲಿ 29 ಮಂದಿಗೆ ಕನಿಷ್ಠ ಒಂದು ವರ್ಷ ತೀವ್ರ ನೋವಿನ ಕಾಟ ಬಂದಿರಲಿಲ್ಲ. ಅಲ್ಲಿ ಬೆಲೆ 22 ಲಕ್ಷ ಡಾಲರ್, ಆಗಿನ ಲೆಕ್ಕಕ್ಕೆ 18 ಕೋಟಿ ರೂಪಾಯಿ. ಹಾಡಿಯ ಮಗುವಿಗೆ ಈ ಬೆಲೆಯ ಔಷಧಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ದೆಹಲಿಯ ಐಜಿಐಬಿ ಎಂಬ ಜೀನ್ ಸಂಶೋಧನಾ ಸಂಸ್ಥೆಯವರು ನಮ್ಮದೇ ಆದ, ಕಡಿಮೆ ಖರ್ಚಿನ ಕ್ರಿಸ್ಪರ್ ಚಿಕಿತ್ಸೆಗೆ ಕೆಲಸ ಮಾಡುತ್ತಿದ್ದಾರೆ.

ಈ ಚಿಕಿತ್ಸೆಯಲ್ಲಿ ಬೀಟಾ ಜೀನ್‌ನ ತಪ್ಪನ್ನು ಯಾರೂ ಮುಟ್ಟುವುದಿಲ್ಲ. ಅದು ಹಾಗೇ ಇರುತ್ತದೆ. ಕತ್ತರಿ ಬೀಳುವುದು ಬೇರೆ ಕ್ರೋಮೋಸೋಮಿನ ಒಂದು ವಿಳಾಸದ ಮೇಲೆ. ಗಾಟಾ-1 ಅಲ್ಲಿ ಕೂರುವುದಿಲ್ಲ, ಬಿಸಿಎಲ್-11ಎ ಇಳಿಯುತ್ತದೆ, ಗಾಮಾ ಏಳುತ್ತದೆ. ತಿದ್ದಿದ್ದು ತಾಯಿಕೋಶವನ್ನಾದ್ದರಿಂದ ಅದರಿಂದ ಹುಟ್ಟುವ ಬಿ ಕೋಶಗಳಲ್ಲೂ ಅದೇ ಜಾಗದಲ್ಲಿ ಅದೇ ಗಾಯದ ಗುರುತು ಇರುತ್ತದೆ. ಅವುಗಳಿಗೆ ಅದರಿಂದ ಏನೂ ಆಗುವುದಿಲ್ಲ. ಆ ವಿಳಾಸಕ್ಕೆ ಅಲ್ಲಿ ಯಾರೂ ಬರುತ್ತಿರಲಿಲ್ಲ.